ಗರಡಿಯ ಮಣ್ಣು, ಮಲ್ಲನ ಮೈ

ನಮ್ಮ ನಾಡಿನ ಅನೇಕ ಜಾತ್ರೆಗಳಲ್ಲಿ ತೇರು ಎಳೆದ ಮೇಲೆ ಕುಸ್ತಿ ನಡೆಯುವುದು ವಾಡಿಕೆ. ಊರ ಹೊರಗಿನ ಬಯಲಿನಲ್ಲಿ ಹಲಗೆಯ ಸದ್ದು ಎದ್ದರೆ ಸಾಕು, ಮುದುಕರಾದಿಯಾಗಿ ಮಕ್ಕಳವರೆಗೆ ಎಲ್ಲರೂ ಕಣದ ಸುತ್ತ ನೆರೆಯುತ್ತಾರೆ. ಒಬ್ಬನ ಬೆನ್ನು ಮಣ್ಣಿಗೆ ತಾಗುವವರೆಗೆ ನಡೆಯುವ ನಿಕಾಲಿ ಕುಸ್ತಿ ಕೆಲವೊಮ್ಮೆ ಎರಡೇ ನಿಮಿಷಗಳಲ್ಲಿ ಮುಗಿಯುತ್ತದೆ. ಕೆಲವೊಮ್ಮೆ ಅರ್ಧ ಗಂಟೆಯಾದರೂ ಮುಗಿಯದು. ನೋಡುವವರಿಗೆ ಕಾಣುವುದು ಅಷ್ಟೇ. ಆ ಮೈಯನ್ನು ಕಟ್ಟಿದ ಎಂಟು ಹತ್ತು ವರ್ಷಗಳ ದುಡಿಮೆ, ಊಟ, ನಿದ್ರೆ, ನಿಯಮಗಳು ಕಾಣುವುದಿಲ್ಲ. ಆರೋಗ್ಯದ ದೃಷ್ಟಿಯಿಂದ ಮುಖ್ಯವಾದುದು ಕಾಣದಿರುವ ಆ ಭಾಗವೇ. ಶ್ರಮ, ಆಹಾರ, ವಿಶ್ರಾಂತಿ ಈ ಮೂರನ್ನೂ ಒಂದು ಅಳತೆಯಲ್ಲಿ ಹಿಡಿದಿಟ್ಟ ವ್ಯವಸ್ಥೆಯೇ ಮಲ್ಲವಿದ್ಯೆ. ಆ ಅಳತೆ ತಪ್ಪಿದಲ್ಲೆಲ್ಲ ಮಲ್ಲನ ಮೈಯೂ ಕೆಟ್ಟಿದೆ.

ಮನುಷ್ಯನು ಆಯುಧವಿಲ್ಲದೆ ಆಡಿದ ಅತಿ ಪುರಾತನ ಆಟಗಳಲ್ಲಿ ಕುಸ್ತಿಯೂ ಒಂದು. ಈಜಿಪ್ಟಿನ ಬೆನಿ ಹಸನ್ ಎಂಬಲ್ಲಿನ ಸಮಾಧಿಗಳ ಗೋಡೆಗಳ ಮೇಲೆ ಸುಮಾರು 4000 ವರ್ಷಗಳ ಹಿಂದೆ ಬರೆದ ನೂರಾರು ಮಲ್ಲಜೋಡಿಗಳ ಚಿತ್ರಗಳಿವೆ. ಅವುಗಳಲ್ಲಿನ ಎಷ್ಟೋ ಪಟ್ಟುಗಳನ್ನು ಇಂದಿನ ಪೈಲ್ವಾನರು ನೋಡಿದೊಡನೆ ಗುರುತಿಸಬಲ್ಲರು. ಗ್ರೀಕರ ಒಲಿಂಪಿಕ್ ಕೂಟಕ್ಕೆ ಮಲ್ಲಯುದ್ಧ ಸೇರಿದ್ದು ಕ್ರಿ.ಪೂ. 708ರಲ್ಲಿ. ಅವರ ಹೆಸರಾಂತ ಮಲ್ಲ ಕ್ರೋಟನ್ನಿನ ಮೈಲೋ ಎಳೆಗರುವೊಂದನ್ನು ಪ್ರತಿದಿನವೂ ಹೆಗಲ ಮೇಲೆ ಹೊರುತ್ತ, ಅದು ಬೆಳೆದು ಹೋರಿಯಾದಾಗಲೂ ಹೊತ್ತನೆಂಬ ಕಥೆಯಿದೆ. ಕಥೆ ಹೇಗೇ ಇರಲಿ, ಭಾರವನ್ನು ಒಮ್ಮೆಗೇ ಹೇರದೆ ದಿನದಿನವೂ ಸ್ವಲ್ಪಸ್ವಲ್ಪ ಏರಿಸಬೇಕೆಂಬ ತತ್ತ್ವ ಅದರಲ್ಲಿದೆ. ಸ್ನಾಯು ಬಲಗೊಳ್ಳುವ ಬಗೆಯೇ ಅದು. ನಮ್ಮಲ್ಲಿ ಭೀಮ ಜರಾಸಂಧರ, ಕೃಷ್ಣ ಚಾಣೂರರ ಕಾಳಗಗಳನ್ನು ಕೇಳದವರು ಯಾರು?

ಕಲ್ಯಾಣದ ಅರಸ ಬರೆದ ಮಲ್ಲಶಾಸ್ತ್ರ

ಕಥೆಗಳನ್ನು ದಾಟಿ, ಮಲ್ಲನನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದನ್ನು ಕ್ರಮವಾಗಿ ಬರೆದಿಟ್ಟ ಶ್ರೇಯಸ್ಸು ಕನ್ನಡ ನಾಡಿನ ಅರಸನೊಬ್ಬನಿಗೆ ಸಲ್ಲುತ್ತದೆ. ಬಸವಾದಿ ಶರಣರು ಕಲ್ಯಾಣದಲ್ಲಿ ನೆಲೆಸುವುದಕ್ಕೆ ಕೆಲವು ದಶಕಗಳ ಹಿಂದೆ ಅಲ್ಲಿ ಆಳುತ್ತಿದ್ದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ (1126-1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವೆಂಬ ವಿಶ್ವಕೋಶವನ್ನು ರಚಿಸಿದನು. ‘ಭೂಲೋಕಮಲ್ಲ’ ಎಂಬುದು ಅವನದೇ ಬಿರುದು. ಅವನ ವಂಶದಲ್ಲಿ ಆಹವಮಲ್ಲ, ತ್ರಿಭುವನಮಲ್ಲ, ಜಗದೇಕಮಲ್ಲ ಎಂಬ ಬಿರುದುಗಳೂ ಇದ್ದವು. ಅರಸನ ಹಿರಿಮೆಯನ್ನು ಹೇಳಲು ಮಲ್ಲ ಎಂಬುದಕ್ಕಿಂತ ದೊಡ್ಡ ಮಾತು ಆ ಕಾಲಕ್ಕೆ ಹೊಳೆಯಲಿಲ್ಲವೆಂದು ತೋರುತ್ತದೆ.

ಆ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಸೋಮೇಶ್ವರನು ಮೊದಲು ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ, ಕುಶಲತೆಗಳನ್ನು ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸುತ್ತಾನೆ. ಎಲ್ಲರಿಗೂ ಒಂದೇ ಅಭ್ಯಾಸ ಸಲ್ಲದೆಂಬುದು ಇದರ ತಾತ್ಪರ್ಯ. ಬಳಿಕ ಅಭ್ಯಾಸದ ಬಗೆಗಳು ಬರುತ್ತವೆ. ಭಾರವನ್ನೆತ್ತುವುದು ಭಾರಶ್ರಮ, ನಡಿಗೆಯದು ಭ್ರಮಣಶ್ರಮ, ನೀರಿಗಿಳಿದು ಮಾಡುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಈ ಕೊನೆಯದನ್ನು ಇಂದಿನ ಮಲ್ಲಕಂಬದ ಪೂರ್ವರೂಪವೆಂದು ವಿದ್ವಾಂಸರು ಗುರುತಿಸಿದ್ದಾರೆ. ಸ್ನಾಯುಬಲಕ್ಕೆ ಭಾರ, ಉಸಿರಿನ ಕಸುವಿಗೆ ನಡಿಗೆ, ಕೀಲುಗಳಿಗೆ ಪೆಟ್ಟಾಗದಂತೆ ಮೈಯನ್ನು ದುಡಿಸಲು ನೀರು, ಹಿಡಿತಕ್ಕೂ ಸಮತೋಲಕ್ಕೂ ಕಂಬ. ಇಂದಿನ ವ್ಯಾಯಾಮತಜ್ಞರು ಬೇರೆ ಬೇರೆ ಹೆಸರುಗಳಲ್ಲಿ ಹೇಳುವುದೂ ಇವನ್ನೇ. ಮಲ್ಲರ ಆಹಾರದ ಹೊಣೆಯನ್ನು ಅರಸನೇ ಹೊರಬೇಕೆಂದೂ ಅಲ್ಲಿದೆ. ಹಾಲು, ಮೊಸರು, ತುಪ್ಪಗಳ ಜೊತೆಗೆ ಮಾಂಸವೂ ಆ ಪಟ್ಟಿಯಲ್ಲಿದೆ. ಆದರೆ ಹಾಲು, ತುಪ್ಪ, ಬಾದಾಮಿ, ನೆನೆಸಿದ ಕಡಲೆ, ಕಾಳುಗಳಿಂದಲೇ ಮೈ ಕಟ್ಟಿದ ಸಸ್ಯಾಹಾರಿ ಪೈಲ್ವಾನರು ಉತ್ತರ ಭಾರತದ ಅಖಾಡಗಳಲ್ಲಿಯೂ ನಮ್ಮ ಗರಡಿಗಳಲ್ಲಿಯೂ ಬೇಕಾದಷ್ಟು ಜನರಿದ್ದಾರೆ.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ದಾಖಲಿಸಿದ್ದಾನೆ. ಬೆಳಗಾಗುವ ಮುನ್ನವೇ ಅರಸನು ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ಎತ್ತುತ್ತಿದ್ದನು. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿಯ ಸಾಮು ಮಾಡಿ, ತನ್ನ ಮಲ್ಲರಲ್ಲಿ ಒಬ್ಬನೊಡನೆ ಕುಸ್ತಿ ಹಿಡಿದು, ಕೊನೆಗೆ ಕುದುರೆಯೇರಿ ಬೆಳಗಾಗುವವರೆಗೆ ಸವಾರಿ ಮಾಡುತ್ತಿದ್ದನು. ಇದನ್ನೋದಿ ಯಾರೂ ಎಣ್ಣೆ ಕುಡಿಯಲು ತೊಡಗಬಾರದು. ಅಷ್ಟನ್ನು ಕರಗಿಸುವಷ್ಟು ದುಡಿಮೆ ಇಂದು ನಮ್ಮಲ್ಲಿ ಯಾರಿಗಿದೆ? ಆಯುರ್ವೇದವಾದರೋ ವ್ಯಾಯಾಮಕ್ಕೆ ಸ್ಪಷ್ಟವಾದ ಮಿತಿಯನ್ನು ಹಾಕಿದೆ. ತನ್ನ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಹಣೆ, ಕಂಕುಳು, ಕೀಲುಗಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅದೇ ನಿಲ್ಲಿಸುವ ಗುರುತು. ಮಿತಿ ಮೀರಿದ ವ್ಯಾಯಾಮ ಕ್ಷಯಕ್ಕೂ ಕೆಮ್ಮಿಗೂ ಕಾರಣವಾಗುವುದೆಂದು ಪ್ರಾಚೀನ ವೈದ್ಯರು ಎಚ್ಚರಿಸಿದ್ದಾರೆ.

ಮೈಸೂರಿನ ದಸರೆಯಲ್ಲಿ ವಿಜಯದಶಮಿಯ ದಿನ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಇದೇ ಪರಂಪರೆಯ ಉಗ್ರರೂಪ. ತಲೆ ಬೋಳಿಸಿಕೊಂಡ ಜೆಟ್ಟಿಗಳು ಮೊನೆಗಳುಳ್ಳ ಆಯುಧವನ್ನು ಮುಷ್ಟಿಯಲ್ಲಿ ಧರಿಸಿ ಕಾದುತ್ತಾರೆ. ಎದುರಾಳಿಯ ನೆತ್ತಿಯಲ್ಲಿ ಮೊದಲ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಇದೇ ಜೆಟ್ಟಿಗಳು ಕೀಲು ತಪ್ಪಿದರೆ ಕೂರಿಸುವುದರಲ್ಲಿಯೂ ನಿಪುಣರೆಂದು ಹೆಸರಾಗಿದ್ದರು. ಮೈಯನ್ನು ಮುರಿಯಬಲ್ಲವನಿಗೆ ಅದನ್ನು ಸರಿಪಡಿಸುವುದೂ ತಿಳಿದಿರಬೇಕಲ್ಲವೆ?

ಗರಡಿಯೊಳಗೆ

ಗರಡಿಮನೆಯ ಕೆಂಪು ಮಣ್ಣು ಹೊಲದ ಮಣ್ಣಲ್ಲ. ಕಲ್ಲು ಕಸಗಳನ್ನು ಜರಡಿಯಾಡಿ ತೆಗೆದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಮೊದಲಾದುವನ್ನು ಬೆರೆಸಿ, ದಿನವೂ ಅಗೆದು ಮಗುಚಿ ಮೆತ್ತಗೆ ಇಟ್ಟಿರುತ್ತಾರೆ. ಬಿದ್ದವನ ಬೆನ್ನೆಲುಬನ್ನು ಕಾಯುವುದು ಆ ಮೆತ್ತನೆಯ ಗುಣ. ಮಣ್ಣನ್ನು ಅಗೆಯುವುದೇ ಎಳೆಯ ಪೈಲ್ವಾನನ ಮೊದಲ ವ್ಯಾಯಾಮವೂ ಹೌದು. ಬಳಿಕ ದಂಡ, ಬಸ್ಕಿ, ಗದೆ. ಇವುಗಳಲ್ಲಿ ಹೆಚ್ಚಿನವು ತನ್ನ ಮೈಭಾರವನ್ನೇ ತಾನು ಎತ್ತಿಳಿಸುವ ಚಲನೆಗಳಾದುದರಿಂದ ಬಲದ ಜೊತೆಗೆ ಕೀಲುಗಳ ಬಾಗುವಿಕೆಯೂ ಉಳಿಯುತ್ತದೆ. ಸಂಜೆ ಜೋಡಿಯೊಡನೆ ಹಿಡಿತದ ಅಭ್ಯಾಸ. ಹೊಗೆಸೊಪ್ಪು, ಮದ್ಯ ಸಲ್ಲವು. ಇವೆಲ್ಲದರ ಮೇಲೆ ಉಸ್ತಾದನ ಕಣ್ಣಿರುತ್ತದೆ. ಯಾರಿಗೆ ಎಷ್ಟು ಬಸ್ಕಿ, ಯಾರಿಗೆ ಎಷ್ಟು ಹಾಲು, ಯಾರು ಇಂದು ಮಲಗಿ ವಿಶ್ರಮಿಸಬೇಕು ಎಂಬುದನ್ನೆಲ್ಲ ಅವನು ಮೈ ನೋಡಿಯೇ ಹೇಳುತ್ತಿದ್ದನು. ಗರಡಿಯ ವೈದ್ಯಕೀಯ ಮಹತ್ತ್ವವೆಲ್ಲ ಆ ಒಂದು ಕಣ್ಣಿನಲ್ಲಿತ್ತೆಂದರೆ ಅತಿಶಯೋಕ್ತಿಯಾಗದು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ವಿದ್ಯೆಗೆ ದೊಡ್ಡ ಆಶ್ರಯ ದೊರೆತದ್ದು ನಮ್ಮ ಗಡಿಯಾಚೆಯ ಕೊಲ್ಲಾಪುರದಲ್ಲಿ. 1902ರಲ್ಲಿ ಯುರೋಪಿಗೆ ಹೋಗಿದ್ದ ಶಾಹೂ ಮಹಾರಾಜರು ರೋಮಿನ ಪುರಾತನ ಕ್ರೀಡಾಂಗಣವನ್ನು ಕಂಡು ಅದರಿಂದ ಪ್ರೇರಿತರಾಗಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಲ್ಲಿ ಸಿದ್ಧವಾಯಿತು. ಬೆಳಗಾವಿ ಸೀಮೆಯ ಎಷ್ಟೋ ತರುಣರು ಕೊಲ್ಲಾಪುರದ ತಾಲೀಮುಗಳಲ್ಲಿಯೇ ಪಳಗಿದರು. ಮಣ್ಣಿನ ಕಣದಲ್ಲಿ ಬೆಳೆದ ಖಾಶಾಬಾ ಜಾಧವರು 1948ರಲ್ಲಿ ಲಂಡನ್ನಿಗೆ ಹೋಗಿ ಆರನೆಯ ಸ್ಥಾನ ಪಡೆದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ವ್ಯಕ್ತಿಗತವಾಗಿ ದೊರೆತ ಮೊದಲ ಒಲಿಂಪಿಕ್ ಪದಕ ಅದು.

ತೂಕದ ಬಲೆ

ಮಣ್ಣಿನಿಂದ ಮ್ಯಾಟಿಗೆ ಬಂದಾಗ ಕುಸ್ತಿಯ ಸ್ವರೂಪ ಬದಲಾಯಿತು. ಜಾತ್ರೆಯ ಕಣದಲ್ಲಿ ಹಿರಿಯರು ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಾರೆ. ಮ್ಯಾಟಿನ ಮೇಲೆ ನಿಮಿಷ, ಅಂಕ, ಕಿಲೋಗ್ರಾಂಗಳ ಲೆಕ್ಕ. ತೂಕದ ವಿಭಾಗಗಳು ನ್ಯಾಯಕ್ಕಾಗಿಯೇ ಬಂದವು. ಆದರೆ ತನಗಿಂತ ಹಗುರಾದವರೊಡನೆ ಹೋರಾಡುವ ಆಸೆಯಿಂದ ತೂಕವನ್ನು ತಾತ್ಕಾಲಿಕವಾಗಿ ಇಳಿಸುವ ಚಟ ಅವುಗಳೊಡನೆ ಹುಟ್ಟಿತು. ಕೆಲವೇ ಗಂಟೆಗಳಲ್ಲಿ ಇಳಿಯುವುದು ಕೊಬ್ಬಲ್ಲ, ನೀರು. ಊಟ ನೀರು ಬಿಟ್ಟು, ದಪ್ಪ ಬಟ್ಟೆ ತೊಟ್ಟು ಓಡಿ, ಬಿಸಿ ಕೋಣೆಯಲ್ಲಿ ಕುಳಿತು ಬೆವರಿಳಿಸುವುದು ಇದರ ವಿಧಾನ. 60 ಕಿಲೋ ತೂಕದವನ ಮೈಯಿಂದ ಒಂದೂಕಾಲು ಕಿಲೋದಷ್ಟು ನೀರು ಹೋದರೂ ಕಸುವು ಕುಗ್ಗತೊಡಗುತ್ತದೆ. ಇನ್ನೂ ಹೆಚ್ಚಾದರೆ ರಕ್ತದ ಪ್ರಮಾಣ ಇಳಿದು ಹೃದಯ ವೇಗವಾಗಿ ಬಡಿದುಕೊಳ್ಳುತ್ತದೆ. ಮೈಯ ಬಿಸಿ ಹೊರಹೋಗದು. ಲವಣಗಳ ಸಮತೋಲ ಕೆಟ್ಟು ಮೂತ್ರಪಿಂಡಕ್ಕೂ ಹೃದಯಕ್ಕೂ ಅಪಾಯವಾಗುತ್ತದೆ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಹೀಗೆ ತೂಕ ಇಳಿಸುತ್ತಿದ್ದ ಮೂವರು ಕಾಲೇಜು ಮಲ್ಲರು ಸುಮಾರು ಒಂದು ತಿಂಗಳೊಳಗೆ ಮೃತಪಟ್ಟರು. ಆ ಬಳಿಕವೇ ಅಲ್ಲಿ ಬೆವರಿಳಿಸುವ ಉಡುಪುಗಳನ್ನು ನಿಷೇಧಿಸಿ, ಪ್ರತಿಯೊಬ್ಬನಿಗೂ ಇಳಿಯಬಾರದ ಕನಿಷ್ಠ ತೂಕವನ್ನು ನಿಗದಿಪಡಿಸುವ ಪದ್ಧತಿ ಬಂದಿತು.

2024ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದುದು ಎಲ್ಲರ ನೆನಪಿನಲ್ಲಿದೆ. 50 ಕಿಲೋ ವಿಭಾಗದಲ್ಲಿ ಫೈನಲ್ ತಲುಪಿದ್ದ ವಿನೇಶ್ ಫೋಗಟ್, ಮರುದಿನ ಬೆಳಿಗ್ಗೆ ಕೇವಲ 100 ಗ್ರಾಂ ಹೆಚ್ಚಿದ್ದುದರಿಂದ ಅನರ್ಹರಾದರು. ರಾತ್ರಿಯಿಡೀ ಬೆವರಿಳಿಸಿದ್ದಲ್ಲದೆ ಕೂದಲನ್ನೂ ಕತ್ತರಿಸಿದ್ದರು. ನಾವೆಲ್ಲ ಪದಕ ಕೈತಪ್ಪಿದ್ದಕ್ಕೆ ಮರುಗಿದೆವು. ಆ ರಾತ್ರಿ ಆಕೆಯ ಮೈ ಏನನ್ನು ಅನುಭವಿಸಿತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಇದಕ್ಕೆ ವಿರುದ್ಧವಾದ ಆಪತ್ತು ಹಳೆಯ ಪೈಲ್ವಾನರದು. ಕುಸ್ತಿ ಬಿಟ್ಟ ಮೇಲೂ ಖುರಾಕು ಬಿಡುವುದಿಲ್ಲ. ದುಡಿಮೆ ನಿಂತು ತುಪ್ಪ ಹಾಲು ಮುಂದುವರಿದರೆ ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳು ಒಂದೊಂದಾಗಿ ಬರುತ್ತವೆ. ಕಣವನ್ನು ಬಿಡುವವರು ವ್ಯಾಯಾಮವನ್ನೂ ಆಹಾರವನ್ನೂ ಒಟ್ಟಿಗೆ, ಹಂತಹಂತವಾಗಿ ಇಳಿಸಬೇಕು, ನಡಿಗೆಯನ್ನಂತೂ ಬಿಡಬಾರದು. ಇನ್ನು ಮೈ ಬೇಗ ಉಬ್ಬಲೆಂದು ಚುಚ್ಚುಮದ್ದು ತೆಗೆದುಕೊಳ್ಳುವ ತರುಣರು ಯಕೃತ್ತು, ಹೃದಯ, ಸಂತಾನಶಕ್ತಿಗಳಿಗೆ ಅದರಿಂದಾಗುವ ಹಾನಿಯನ್ನು ವೈದ್ಯರಿಂದ ಕೇಳಿ ತಿಳಿಯುವುದು ಒಳಿತು.

ಮಕ್ಕಳನ್ನು ಗರಡಿಗೆ ಕಳಿಸುವ ತಂದೆತಾಯಿಗಳು ಕೆಲವು ಸಂಗತಿಗಳನ್ನು ಗಮನಿಸಬೇಕು. ಉಜ್ಜಾಟದಿಂದ ಕಿವಿ ಊದಿದರೆ ಒಂದೆರಡು ದಿನಗಳಲ್ಲಿಯೇ ವೈದ್ಯರಿಗೆ ತೋರಿಸಬೇಕು. ಒಳಗೆ ನಿಂತ ರಕ್ತವನ್ನು ತೆಗೆಯದಿದ್ದರೆ ಮೃದ್ವಸ್ಥಿಗೆ ಪೋಷಣೆ ತಪ್ಪಿ ಕಿವಿ ಮುದುಡಿ ಗಂಟಾಗುತ್ತದೆ. ಪೈಲ್ವಾನನ ಗುರುತೆಂದು ಹೆಮ್ಮೆಪಡುವವರಿದ್ದಾರೆ, ಆದರೆ ಅದು ತಪ್ಪಿಸಬಹುದಾದ ಊನ. ಹುಳುಕಡ್ಡಿ, ಕೀವುಗುಳ್ಳೆ, ನೀರುಗುಳ್ಳೆಗಳಿದ್ದವರು ಗುಣವಾಗುವವರೆಗೆ ಕಣಕ್ಕೆ ಇಳಿಯಬಾರದು. ಲಂಗೋಟಿ, ಟವೆಲ್ಲುಗಳನ್ನು ಹಂಚಿಕೊಳ್ಳಬಾರದು. ಮಣ್ಣಿಗೆ ಅರಿಶಿನ ಬೆರೆಸಿದ್ದರೂ ಧನುರ್ವಾಯುವಿನ ಲಸಿಕೆ ಬೇಕೇ ಬೇಕು.

ಹಿಂದೆ ಗಂಡಸರಿಗಷ್ಟೇ ತೆರೆದಿದ್ದ ಗರಡಿಗೆ ಈಗ ಹೆಣ್ಣುಮಕ್ಕಳೂ ಬರುತ್ತಿದ್ದಾರೆ. 2016ರಲ್ಲಿ ಸಾಕ್ಷಿ ಮಲಿಕ್ ಒಲಿಂಪಿಕ್ ಪದಕ ಗೆದ್ದ ಮೇಲೆ ಈ ಸಂಖ್ಯೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಮೈಸೂರು ದಸರೆಯಲ್ಲಿ ಅವರಿಗಾಗಿ ‘ದಸರಾ ಕಿಶೋರಿ’ ಎಂಬ ಬಿರುದೇ ಇದೆ. ಇವರ ವಿಷಯದಲ್ಲಿ ಊಟದ ಅಳತೆ ಇನ್ನಷ್ಟು ಎಚ್ಚರವನ್ನು ಬೇಡುತ್ತದೆ. ದುಡಿಮೆಗೆ ತಕ್ಕ ಆಹಾರವಿಲ್ಲದಿದ್ದರೆ ಮೊದಲು ಮುಟ್ಟು ಏರುಪೇರಾಗುತ್ತದೆ, ಬಳಿಕ ಎಲುಬು ಸವೆಯುತ್ತದೆ. ಮೂರು ತಿಂಗಳು ಮುಟ್ಟು ನಿಂತರೆ ಸಂಕೋಚಪಡದೆ ತಾಯಿಗೂ ತರಬೇತುದಾರರಿಗೂ ತಿಳಿಸಿ ವೈದ್ಯರನ್ನು ಕಾಣಬೇಕು. ಅಲ್ಲಿಯವರೆಗೆ ತೂಕ ಇಳಿಸುವ ಮಾತನ್ನು ಯಾರೂ ಎತ್ತಬಾರದು.