ಎಂಜಿನ್ನಿನ ಟಕಟಕ ಸದ್ದು: ಕಾರಣ ಮತ್ತು ಪರೀಕ್ಷೆ

ಕಮಲಾಪುರ–ಹೊಸಪೇಟೆ ದಾರಿಯಲ್ಲಿ ಎನ್‌ಫೀಲ್ಡ್ ಮೋಟಾರು ಸೈಕಲ್ಲಿನ ಗುಡುಗು ಎಲ್ಲರಿಗೂ ಪರಿಚಿತ. ಅದರೊಳಗೆ ಟಕಟಕವೆಂಬ ಸದ್ದು ಬೆರೆತರೆ ಅಲಕ್ಷಿಸಲಾಗದು. ಶಬ್ದವನ್ನು ವಿವೇಚಿಸಿದ ಬಳಿಕವೇ ಅರ್ಥನಿರ್ಣಯ.

ಹಳೆಯ ಬುಲೆಟ್ಟಿನಲ್ಲಿ ಟ್ಯಾಪೆಟ್ಟಿನ ಸಂದನ್ನು ಕೈಯಿಂದಲೇ ಸರಿಪಡಿಸಬೇಕಿತ್ತು. 2009ರಲ್ಲಿ ಬಂದ ಕ್ಲಾಸಿಕ್ ಪೀಳಿಗೆಯ ಯುಸಿಇ ಎಂಜಿನ್ನಿನಲ್ಲಾದರೋ ಹೈಡ್ರಾಲಿಕ್ ಟ್ಯಾಪೆಟ್ಟುಗಳಿವೆ. ಒತ್ತಡದಿಂದ ಒಳಹೊಕ್ಕ ಎಣ್ಣೆಯೇ ಸಂದನ್ನು ತುಂಬುತ್ತದೆ. ಎಣ್ಣೆ ಸಾಲದಿದ್ದರೆ ಲೋಹಕ್ಕೆ ಲೋಹ ಬಡಿಯುತ್ತದೆ.

ರಾತ್ರಿಯೆಲ್ಲ ನಿಂತ ವಾಹನವು ಬೆಳಿಗ್ಗೆ ಕೆಲವು ಕ್ಷಣ ಸದ್ದುಮಾಡಿ ಅಡಗಿದರೆ ಅದು ದೋಷವಲ್ಲ. ಇಳಿದುಹೋದ ಎಣ್ಣೆ ಮತ್ತೆ ತುಂಬುತ್ತಿದೆ. ಎಂಜಿನ್ ಕಾದ ಮೇಲೂ ಸದ್ದು ಉಳಿದರೆ ಮೊದಲು ಎಣ್ಣೆಯ ಮಟ್ಟವನ್ನು ನೋಡಬೇಕು. ಕಡಿಮೆಯಾದರೆ ಒತ್ತಡ ಕುಗ್ಗುತ್ತದೆ. ಮಿತಿಮೀರಿದರೆ ನೊರೆಯೆದ್ದು ಗಾಳಿ ಸೇರುತ್ತದೆ. ಅನಂತರ ಎಣ್ಣೆಯ ದರ್ಜೆಯನ್ನೂ ಕೊಳೆಯನ್ನೂ ಪರೀಕ್ಷಿಸಬೇಕು.

ಕವಾಟವು ಎರಡು ಸುತ್ತಿಗೊಮ್ಮೆ ತೆರೆಯುವುದರಿಂದ, ನಿಮಿಷಕ್ಕೆ 1,000 ಸುತ್ತಿರುವಾಗ ಒಂದು ಟ್ಯಾಪೆಟ್ಟು 500 ಬಾರಿ ಸದ್ದುಮಾಡುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ತಾಗಿಸಿದರೆ ಸದ್ದಿನ ಜಾಗ ತಿಳಿಯುತ್ತದೆ. ಹೊಗೆಕೊಳವೆಯ ಸೇರುವೆ ಸೋರಿದರೂ ಇಂಥದೇ ಸದ್ದು ಬರುವುದುಂಟು, ಅದನ್ನೂ ನೋಡಿಕೊಳ್ಳಬೇಕು.

ಇಷ್ಟನ್ನು ಅರಿಯದೆ ಎಂಜಿನ್ ಬಿಚ್ಚಿಸಿದರೆ ಹಣ ವ್ಯರ್ಥ; ಕೇಳಿಯೂ ಕೇಳದಂತಿದ್ದರೆ ಎಣ್ಣೆಯಿಲ್ಲದೆ ಕ್ಯಾಮ್ ಸವೆದು ಎಂಜಿನ್ನೇ ಹಾಳಾದೀತು.