ಕಡಲಿಲ್ಲದ ಊರಿಗೂ ಕಡಲ ಸರಕಿನ ಪಾಠ

ಗೋಕಾಕ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಿಗೆ ಸಮುದ್ರ ಕಾಣುವುದಿಲ್ಲ. ಆದರೂ ಇಲ್ಲಿನ ಗೋದಾಮಿನಲ್ಲಿ ಅಪಾಯಕಾರಿ ಸರಕನ್ನು ಹಡಗಿಗೆಂದು ಕಂಟೇನರಿಗೆ ತುಂಬಿದರೆ, ತುಂಬುವ ಹಮಾಲನಿಂದ ಕಾಗದಪತ್ರ ಸಿದ್ಧಪಡಿಸುವ ಗುಮಾಸ್ತನವರೆಗೆ ಎಲ್ಲರೂ ತರಬೇತಿ ಪಡೆದಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಅಂತರರಾಷ್ಟ್ರೀಯ ಕಡಲ ಸಂಘಟನೆ ರೂಪಿಸಿರುವ ಐಎಂಡಿಜಿ ಸಂಹಿತೆ 2004ರ ಜನವರಿ 1ರಿಂದ ಕಡ್ಡಾಯವಾಯಿತು. ದಡದ ಮೇಲಿನ ಸಿಬ್ಬಂದಿಯ ತರಬೇತಿ ಆಗ ಬರೀ ಶಿಫಾರಸಾಗಿತ್ತು. 2010ರ ಜನವರಿ 1ರಿಂದ ಅದೂ ಕಡ್ಡಾಯವಾಗಿದೆ. ಭಾರತದಲ್ಲಿ ಈ ವಿಷಯ ಮುಂಬೈಯಲ್ಲಿರುವ ನೌಕಾಯಾನ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಬರುತ್ತದೆ.

ಸಂಕೇಶ್ವರದ ಹಿರಣ್ಯಕೇಶಿಯಂತಹ ಸಹಕಾರಿ ಸಕ್ಕರೆ ಕಾರ್ಖಾನೆಗಳಿಂದ ಹೆಸರಾದ ಕಬ್ಬಿನ ಸೀಮೆಯಿದು. ಸಕ್ಕರೆ, ಬೆಲ್ಲಗಳಿಗೆ ಸಂಹಿತೆಯ ಗೊಡವೆಯಿಲ್ಲ. (ಕರದಂಟಿಗೂ ಇಲ್ಲವೆನ್ನಿ.) ಅದೇ ಕಬ್ಬಿನಿಂದ ಬರುವ ಎಥೆನಾಲ್ ಮಾತ್ರ ಯುಎನ್ 1170 ಸಂಖ್ಯೆಯ, ಮೂರನೇ ವರ್ಗದ ದಹನಶೀಲ ದ್ರವ. ಶುದ್ಧ ಎಥೆನಾಲಿನ ಆವಿ ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳಬಲ್ಲದು. ಇಲ್ಲಿನ ಬಿಸಿಲಿಗೆ ಆ ಉಷ್ಣತೆ ಏನೇನೂ ಅಲ್ಲ. ಆದರೆ ದ್ರಾವಣದಲ್ಲಿ ಆಲ್ಕೋಹಾಲ್ ಪ್ರಮಾಣ ಶೇ 24 ಮೀರದಿದ್ದರೆ ಸಂಹಿತೆ ಅನ್ವಯಿಸದು.

ಹತ್ತಿಯ ಕಥೆ ಇನ್ನೂ ಸೂಕ್ಷ್ಮ. ಒದ್ದೆ ಹತ್ತಿ ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಸಾಲಿಗೆ ಸೇರಿದೆ. ಘನಮೀಟರಿಗೆ 360 ಕಿಲೋಗ್ರಾಂಗೆ ಕಡಿಮೆಯಿಲ್ಲದಂತೆ ಒತ್ತಿದ ಒಣ ಬೇಲುಗಳನ್ನು ಮುಚ್ಚಿದ ಕಂಟೇನರಿನಲ್ಲಿ ಕಳುಹಿಸಿದರೆ ವಿನಾಯಿತಿಯುಂಟು. ಬೇಲು ಒಂದೇ, ತೇವ ಮತ್ತು ಒತ್ತಡ ಬೇರೆ. ಈ ವ್ಯತ್ಯಾಸ ಅರಿಯದ ಗುಮಾಸ್ತ ಘೋಷಣಾ ಪತ್ರ ಬರೆದರೆ ಹಡಗಿನ ಕಪ್ತಾನನಿಗೆ ತನ್ನಲ್ಲಿ ಏನಿದೆಯೆಂಬುದೇ ತಿಳಿಯುವುದಿಲ್ಲ.

2024ರ ಜುಲೈ 19ರಂದು ಕಾರವಾರದಾಚೆಯ ಕಡಲಿನಲ್ಲಿ 'ಮೇರ್ಸ್ಕ್ ಫ್ರಾಂಕ್‌ಫರ್ಟ್' ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ ಅದರಲ್ಲಿಯೂ ಅಪಾಯಕಾರಿ ಸರಕಿತ್ತು. ನಾವಿಕನೊಬ್ಬ ಪ್ರಾಣ ಕಳೆದುಕೊಂಡ. ಬೆಂಕಿ ನಂದಿಸಲು ಕರಾವಳಿ ರಕ್ಷಣಾ ಪಡೆ ದಿನಗಟ್ಟಲೆ ಹೆಣಗಿತು. ಯಾವ ಪೆಟ್ಟಿಗೆಯಲ್ಲಿ ಏನಿದೆ, ಯಾವುದಕ್ಕೆ ನೀರು ಹಾಕಬಹುದು ಎಂಬುದನ್ನು ಅಂಥ ಹೊತ್ತಿನಲ್ಲಿ ಹೇಳುವುದು ದಡದಲ್ಲಿ ಬರೆದ ಕಾಗದವೇ.

ಸಾಮಾನ್ಯ ತಿಳಿವಳಿಕೆ, ನಿರ್ವಹಿಸುವ ಕೆಲಸಕ್ಕೆ ತಕ್ಕ ತರಬೇತಿ, ಸುರಕ್ಷತೆ ಎಂದು ಪಾಠಕ್ರಮ ಮೂರು ಬಗೆ. ತರಬೇತಿಯಾಗದವರು ತರಬೇತಾದವರ ನೇರ ಮೇಲ್ವಿಚಾರಣೆಯಲ್ಲಷ್ಟೇ ಕೆಲಸ ಮಾಡಬಹುದು. ದಾಖಲೆ ಇಡುವ ಹೊಣೆ ಮಾಲೀಕನದು. ವಿಮಾನ ಸರಕಿಗೆ 24 ತಿಂಗಳಿಗೊಮ್ಮೆ ಮರುತರಬೇತಿ ನಿಗದಿಯಾಗಿದೆ. ಹಡಗಿನ ಸಂಹಿತೆಯಲ್ಲಿ 'ಕಾಲಕಾಲಕ್ಕೆ' ಎಂದಷ್ಟೇ ಇದೆ. ಎರಡು ವರ್ಷಕ್ಕೊಮ್ಮೆ ತಿದ್ದುಪಡಿಯಾಗುವ ಸಂಹಿತೆಗೆ ಈ ಸಡಿಲಿಕೆ ಒಪ್ಪುವಂಥದಲ್ಲ.

ಟ್ಯಾಂಕರ್ ಚಾಲಕರಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಮೂರು ದಿನಗಳ ತರಬೇತಿ ಪ್ರತ್ಯೇಕವಾಗಿದೆ. ಆ ಪ್ರಮಾಣಪತ್ರ ರಸ್ತೆಗೆ ಸಂಬಂಧಿಸಿದ್ದು. ಕಂಟೇನರ್ ತುಂಬುವವನಿಗೆ ಅದು ಸಲ್ಲುವುದಿಲ್ಲ.