ರಸ್ತೆ ತೆರೆದವನ ಎದೆಗೆ ಕಂಚಿನ ಪದಕ

ಹುಬ್ಬಳ್ಳಿ-ಧಾರವಾಡದ ಶಾಲೆಗಳಿಂದ ಕಾರವಾರಕ್ಕೆ ಪ್ರವಾಸ ಹೋಗುವ ಮಕ್ಕಳಿಗೆ ಕಡಲು ಕಂಡರೆ ಸಾಕು, ಉಳಿದದ್ದೆಲ್ಲ ಮರೆತುಹೋಗುತ್ತದೆ. ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು, ಅಂಕೋಲೆ ಹಾಯ್ದು ಬಂದ ಬಸ್ಸು ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ನಿಂತಿತೋ ಇಲ್ಲವೋ, ಎಲ್ಲರೂ ಮರಳಿನತ್ತ ಓಡುತ್ತಾರೆ. ಹೊರಡುವ ಮುನ್ನ 'ಚಪಲ್' ಯುದ್ಧನೌಕೆಯ ವಸ್ತುಸಂಗ್ರಹಾಲಯದಲ್ಲಿ ಒಂದು ಸುತ್ತು. ಅದರ ಬಳಿಯಲ್ಲೇ 2006ರಲ್ಲಿ ಅನಾವರಣಗೊಂಡ ಒಬ್ಬ ಸೈನಿಕರ ಪ್ರತಿಮೆ ಇದೆ. ಅದು ಮೇಜರ್ ರಾಮ ರಾಘೋಬ ರಾಣೆಯವರದು. ಕರ್ನಾಟಕದ ನೆಲದಲ್ಲಿ ಹುಟ್ಟಿ ಪರಮವೀರ ಚಕ್ರ ಪಡೆದವರು ಇವರೊಬ್ಬರೇ.

ಇಷ್ಟು ಹೇಳಿದರೆ ಹುಡುಗರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಎಷ್ಟು ಮಂದಿ ವೈರಿಗಳನ್ನ ಹೊಡೆದಿದ್ರು, ಸರ್?" ಉತ್ತರ ಕೇಳಿದರೆ ಅಚ್ಚರಿಯಾದೀತು. ದೇಶದ ಅತ್ಯುನ್ನತ ಶೌರ್ಯಪದಕ ರಾಣೆಯವರಿಗೆ ಬಂದದ್ದು ಕೊಂದದ್ದಕ್ಕಲ್ಲ. ಗುಂಡಿನ ಮಳೆಯಲ್ಲಿ ನೆಲಬಾಂಬುಗಳನ್ನು ಕಿತ್ತು, ಬಿದ್ದ ಮರಗಳನ್ನು ಸರಿಸಿ, ಒಂದು ರಸ್ತೆಯನ್ನು ತೆರೆದುಕೊಟ್ಟದ್ದಕ್ಕೆ.

ಚೆಂಡಿಯಾದ ಹುಡುಗ

ರಾಣೆ ಹುಟ್ಟಿದ್ದು 1918ರ ಜೂನ್ 26ರಂದು, ಕಾರವಾರದ ಬಳಿಯ ಚೆಂಡಿಯಾ ಗ್ರಾಮದ ಮನೆತನದಲ್ಲಿ. ಆಗ ಉತ್ತರ ಕನ್ನಡವೂ ನಮ್ಮ ಧಾರವಾಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ತಂದೆ ಪೊಲೀಸ್ ಪೇದೆ. ಮೇಲಿಂದ ಮೇಲೆ ವರ್ಗ. ಅಪ್ಪನ ಜೊತೆ ಊರೂರು ಅಲೆಯುತ್ತ ಹುಡುಗನ ಓದು ನೆಟ್ಟಗೆ ಸಾಗಲಿಲ್ಲ. 1930ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಸ್ವಾತಂತ್ರ್ಯ ಚಳವಳಿಯ ಗಾಳಿ ಅವನಿಗೂ ತಾಗಿತು. ಸರ್ಕಾರಿ ನೌಕರಿಯ ತಂದೆ ಚಿಂತೆಗೀಡಾಗಿ ಸಂಸಾರವನ್ನು ಮರಳಿ ಚೆಂಡಿಯಾಕ್ಕೆ ತಂದರು.

ಆ ಹುಡುಗ ಸೈನ್ಯ ಸೇರಿದ್ದು 1940ರ ಜುಲೈ 10ರಂದು, ಇಪ್ಪತ್ತೆರಡರ ಪ್ರಾಯದಲ್ಲಿ. ಸೇರಿದ್ದು ಪುಣೆ ಬಳಿಯ ಖಡಕಿಯಲ್ಲಿ ನೆಲೆಯಿದ್ದ ಬಾಂಬೆ ಎಂಜಿನಿಯರ್ಸ್ ಪಡೆಗೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಅಡೆತಡೆ ಒಡೆಯುವುದು, ಸ್ಫೋಟಕ ಹೂಳುವುದು ಮತ್ತು ತೆಗೆಯುವುದು ಈ ಪಡೆಯ ಕೆಲಸ. ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಳಗಿದವನೆಂದು ಅವರಿಗೆ ಕಮಾಂಡೆಂಟರ ಬೆತ್ತ ಬಹುಮಾನವಾಗಿ ಸಿಕ್ಕಿತು.

ಅದೇ ತಿಂಗಳು ಬರ್ಲಿನ್ನಿನಲ್ಲಿ

ಕಾಕತಾಳೀಯವೆನ್ನಿ, ಅದೇ 1940ರ ಜುಲೈ ತಿಂಗಳ 19ರಂದು ಬರ್ಲಿನ್ನಿನಲ್ಲಿ ಇನ್ನೊಂದು ಬಹುಮಾನ ಘೋಷಣೆಯಾಯಿತು. ಹಿಂದಿನ ತಿಂಗಳಷ್ಟೇ ಫ್ರಾನ್ಸ್ ಶರಣಾಗಿತ್ತು. ಗೆಲುವಿನ ಅಮಲಿನಲ್ಲಿದ್ದ ಹಿಟ್ಲರ್ ತನ್ನ ವಾಯುಪಡೆಯ ಮುಖ್ಯಸ್ಥ ಹರ್ಮನ್ ಗೋರಿಂಗ್‌ನಿಗೆ ಐರನ್ ಕ್ರಾಸ್ ಪದಕದ ಅತ್ಯುನ್ನತ ದರ್ಜೆಯಾದ ಗ್ರಾಂಡ್ ಕ್ರಾಸನ್ನು ತೊಡಿಸಿದ. ಎರಡನೆಯ ಮಹಾಯುದ್ಧದ ಉದ್ದಕ್ಕೂ ಆ ದರ್ಜೆ ಪಡೆದವನು ಅವನೊಬ್ಬನೇ.

ಐರನ್ ಕ್ರಾಸ್, ಎಂದರೆ ಕಬ್ಬಿಣದ ಶಿಲುಬೆ, ಮೂಲತಃ ಇಂಥ ಆಡಂಬರದ ವಸ್ತುವಾಗಿರಲಿಲ್ಲ. ನೆಪೋಲಿಯನ್ನನ ವಿರುದ್ಧ ಪ್ರಶ್ಯಾ ದೇಶ ಎದ್ದು ನಿಂತ 1813ರಲ್ಲಿ ಅಲ್ಲಿಯ ದೊರೆ ಮೂರನೆಯ ಫ್ರೆಡರಿಕ್ ವಿಲಿಯಂ ಅದನ್ನು ಆರಂಭಿಸಿದ. ಕರಿಯ ಬೀಡುಕಬ್ಬಿಣದ ಶಿಲುಬೆ, ಅಂಚಿಗೆ ಬೆಳ್ಳಿಯ ಕಟ್ಟು. ಖಜಾನೆ ಬರಿದಾಗಿತ್ತು, ಹೆಂಗಸರು ತಮ್ಮ ಚಿನ್ನದ ಒಡವೆಗಳನ್ನು ದೇಶಕ್ಕೆ ಕೊಟ್ಟು ಕಬ್ಬಿಣದ ಆಭರಣ ತೊಡುತ್ತಿದ್ದ ಕಾಲ. ಅದುವರೆಗೆ ಅಲ್ಲಿಯ ದೊಡ್ಡ ಪದಕಗಳು ಅಧಿಕಾರಿಗಳಿಗೆ ಮೀಸಲಾಗಿದ್ದವು. ಐರನ್ ಕ್ರಾಸ್ ಮಾತ್ರ ಸಾಮಾನ್ಯ ಸಿಪಾಯಿಗೂ ಸಿಗಬಹುದಿತ್ತು. ಹುಟ್ಟು ನೋಡದೆ, ಹುದ್ದೆ ನೋಡದೆ, ಧೈರ್ಯವನ್ನಷ್ಟೇ ನೋಡಬೇಕೆಂಬ ಆ ವಿಚಾರ ಅಂದಿಗೆ ದೊಡ್ಡದೇ.

ಆದರೆ ಕಾಲ ಹೋದಂತೆ ಪದಕ ಹಗುರಾಯಿತು. ಮೊದಲ ಮಹಾಯುದ್ಧವೊಂದರಲ್ಲೇ ಅದರ ಎರಡನೆಯ ದರ್ಜೆಯನ್ನು 50 ಲಕ್ಷಕ್ಕೂ ಹೆಚ್ಚು ಮಂದಿಗೆ ಹಂಚಲಾಯಿತು. ಹಿಟ್ಲರ್ 1939ರಲ್ಲಿ ಅದನ್ನು ಮತ್ತೆ ಹೊರತಂದು, ನಡುವೆ ಸ್ವಸ್ತಿಕ ಒತ್ತಿಸಿದ. ನೈಟ್ಸ್ ಕ್ರಾಸ್ ಎಂಬ ಹೊಸ ದರ್ಜೆ ಸೇರಿಸಿದ. ಅದರ ಮೇಲೆ ಓಕ್ ಮರದ ಎಲೆ, ಎಲೆಯ ಮೇಲೆ ಕತ್ತಿ, ಕತ್ತಿಯ ಮೇಲೆ ವಜ್ರ ಎಂದು ಮೆಟ್ಟಿಲ ಮೇಲೆ ಮೆಟ್ಟಿಲು ಕಟ್ಟಿದ. ಕೊನೆಯ ಮೆಟ್ಟಿಲಾದ ಚಿನ್ನದ ಓಕ್ ಎಲೆ 1945ರ ಜನವರಿಯಲ್ಲಿ ಹಾನ್ಸ್ ಉಲ್ರಿಚ್ ರುಡೆಲ್ ಎಂಬ ವಿಮಾನ ಚಾಲಕನೊಬ್ಬನಿಗೇ ಸಿಕ್ಕಿತು. ಅದಾದ ನಾಲ್ಕೇ ತಿಂಗಳಿಗೆ ಜರ್ಮನಿ ಸೋತು ಶರಣಾಯಿತು.

ನೌಶೇರಾದಿಂದ ರಜೌರಿಗೆ

ಅತ್ತ ಗೋರಿಂಗ್ ಪದಕ ತೊಟ್ಟು ಮೆರೆಯುತ್ತಿದ್ದಾಗ ಇತ್ತ ರಾಣೆ ಬರ್ಮಾದ ರಣರಂಗಕ್ಕೆ ಹೋದರು. ಅರಾಕಾನ್ ಪ್ರದೇಶದಿಂದ ಸೈನ್ಯ ಹಿಂದೆ ಸರಿದಾಗ, ಬುಥಿಡಾಂಗ್ ಎಂಬಲ್ಲಿ ಬಿಟ್ಟುಬಂದ ಸಾಮಗ್ರಿ ಜಪಾನೀಯರ ಕೈಗೆ ಸಿಗದಂತೆ ನಾಶ ಮಾಡುವ ಹೊಣೆ ಅವರ ತುಕಡಿಯ ಪಾಲಿಗೆ ಬಂತು. ಕೆಲಸವೇನೋ ಮುಗಿಯಿತು, ಕರೆದೊಯ್ಯಲು ಬರಬೇಕಾದ ಹಡಗು ಬರಲಿಲ್ಲ. ಜಪಾನೀಯರು ಕಾವಲಿದ್ದ ನದಿಯನ್ನು ತಾವೇ ದಾಟಿ ಅವರು ತಮ್ಮ ಪಡೆಯನ್ನು ಕೂಡಿಕೊಂಡರು. ಯುದ್ಧ ಮುಗಿದು ದೇಶ ಸ್ವತಂತ್ರವಾದ ಮೇಲೆ, 1947ರ ಡಿಸೆಂಬರಿನಲ್ಲಿ, ಸಿಪಾಯಿಯಾಗಿ ಸೇರಿದ ರಾಣೆ ಸೆಕೆಂಡ್ ಲೆಫ್ಟಿನೆಂಟ್ ಆದರು.

ಆಗ ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ವೈರಿಗಳ ಹಿಡಿತದಲ್ಲಿದ್ದ ರಜೌರಿಯ ಜನರ ಪಾಡು ಹೇಳತೀರದು. ಅಲ್ಲಿಗೆ ಬೇಗ ತಲುಪಬೇಕು, ಟ್ಯಾಂಕುಗಳೊಡನೆ ತಲುಪಬೇಕು. ನೌಶೇರಾದಿಂದ ರಜೌರಿಗೆ ಇದ್ದದ್ದು ಬೆಟ್ಟವನ್ನು ಹಾವಿನಂತೆ ಸುತ್ತುವ ಒಂದೇ ರಸ್ತೆ. ಆ ರಸ್ತೆಯ ತುಂಬ ನೆಲಬಾಂಬು, ಕಡಿದು ಅಡ್ಡ ಕೆಡವಿದ ಪೈನ್ ಮರ, ಒಡೆದ ಮೋರಿ.

1948ರ ಏಪ್ರಿಲ್ 8ರ ಬೆಳಿಗ್ಗೆ 11 ಗಂಟೆ. ಕೆಲಸ ಆರಂಭಿಸಲು ಟ್ಯಾಂಕುಗಳ ಬಳಿ ಕಾದಿದ್ದ ರಾಣೆಯವರ ತಂಡದ ಮೇಲೆ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು, ಐವರು ಗಾಯಗೊಂಡರು. ಆ ಐವರಲ್ಲಿ ರಾಣೆಯವರೂ ಒಬ್ಬರು. ಗಾಯಗೊಂಡವರೇ ತಂಡವನ್ನು ಮತ್ತೆ ಕೂಡಿಸಿ ಕೆಲಸಕ್ಕೆ ಹಚ್ಚಿದರು. ಸಂಜೆ ಡೋಗ್ರಾ ರೆಜಿಮೆಂಟಿನ ಯೋಧರು ಬರವಾಲಿ ದಿಬ್ಬವನ್ನು ಗೆದ್ದ ಮೇಲೂ ಅವರು ನಿಲ್ಲಲಿಲ್ಲ. ರಾತ್ರಿ 10ರವರೆಗೆ ಟ್ಯಾಂಕುಗಳಿಗೆ ಬಳಸುದಾರಿ ಕಡಿದರು.

9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ಸಿದ್ಧ. ಅರ್ಧ ಮೈಲು ಹೋಗುವಷ್ಟರಲ್ಲಿ ಮರಗಳ ತಡೆ, ಸಿಡಿಸಿ ತೆಗೆದರು. ಇನ್ನು 300 ಗಜಕ್ಕೆ ಮತ್ತೊಂದು. ಬಳಿಕ ಒಡೆದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ಭಾರಿ ಪೈನ್ ಮರಗಳು, ಸುತ್ತಲೂ ನೆಲಬಾಂಬು, ಮೇಲಿನಿಂದ ಮಷಿನ್‌ಗನ್. 10ರಂದು ನಸುಕಿನ 4-45ಕ್ಕೇ ಎದ್ದು ಹೋಗಿ 6-30ರೊಳಗೆ ಅದನ್ನೂ ತೆರವು ಮಾಡಿದರು. ಆ ಮಧ್ಯಾಹ್ನ 2ಕ್ಕೆ ಟ್ಯಾಂಕುಗಳು ಮೊಗಲರ ಕಾಲದ ಸರಾಯಿ ಇರುವ ಚಿಂಗಸ್ ತಲುಪಿದವು. ಟ್ಯಾಂಕುಗಳೇನೋ ನದಿಯ ಪಾತ್ರದಲ್ಲಿಳಿದು ಮುಂದೆ ಹೋದವು. ಹಿಂದೆ ಬರುವ ಲಾರಿಗಳಿಗೆ ರಸ್ತೆಯೇ ಬೇಕಲ್ಲ? ಅನ್ನ, ವಿಶ್ರಾಂತಿ ಎರಡನ್ನೂ ಬಿಟ್ಟು ರಾಣೆ ರಾತ್ರಿ 9ರವರೆಗೆ ದುಡಿದರು. 11ರಂದು ಬೆಳಿಗ್ಗೆ 11ಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. ಅಂದು ರಾತ್ರಿ 10ರವರೆಗೂ ಅವರು ಮುಂದಿನ ದಾರಿಯ ಕೆಲಸದಲ್ಲಿದ್ದರು. ಅದರ ಬೆನ್ನಿಗೇ ಸೇನೆ ರಜೌರಿಯನ್ನು ಸೇರಿತು.

ನೆಲದೊಳಗಿನ ವೈರಿ

ಈ ಕೆಲಸದ ಕಷ್ಟ ತಿಳಿಯಬೇಕಾದರೆ ನೆಲಬಾಂಬು ಹೇಗೆ ಸಿಡಿಯುತ್ತದೆ ಎಂಬುದನ್ನು ಅರಿಯಬೇಕು. ತಟ್ಟೆಯಂಥ ಮುಚ್ಚಳದ ಮೇಲೆ ಭಾರ ಬಿದ್ದಾಗ ಅದು ಕುಸಿಯುತ್ತದೆ. ಒಳಗಿನ ಮೊಳೆ ಅತಿ ಸೂಕ್ಷ್ಮವಾದ ಚಿಕ್ಕ ಮದ್ದಿಗೆ ಬಡಿಯುತ್ತದೆ. ಆ ಕಿಡಿ ದೊಡ್ಡ ಮದ್ದನ್ನು ಸಿಡಿಸುತ್ತದೆ. ಟ್ಯಾಂಕಿಗೆಂದು ಹೂಳುವ ಬಾಂಬು ಸಿಡಿಯಲು ಸಾಮಾನ್ಯವಾಗಿ 100 ಕಿಲೋಗಿಂತ ಹೆಚ್ಚು ಭಾರ ಬೇಕು. ಮನುಷ್ಯರಿಗೆಂದು ಹೂಳುವುದಕ್ಕೆ ಮಗುವಿನ ಹೆಜ್ಜೆಯೂ ಸಾಕು.

ಹುಡುಕುವ ಹಳೆಯ ವಿಧಾನ ಎಂದರೆ ಮೊಣಕಾಲೂರಿ, ಬಯೊನೆಟ್‌ನ ಮೊನೆಯನ್ನು ಮಣ್ಣಿನೊಳಗೆ ಓರೆಯಾಗಿ ತೂರಿಸುತ್ತ ಹೋಗುವುದು. ನೇರವಾಗಿ ಚುಚ್ಚಿದರೆ ಮುಚ್ಚಳ ಅದುಮೀತು. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗುತ್ತದೆ. ತಾಗಿದೊಡನೆ ಸುತ್ತಲ ಮಣ್ಣನ್ನು ಬೆರಳಿನಿಂದ ಬಿಡಿಸಬೇಕು. ಒಂದನ್ನು ಎತ್ತಿದರೆ ಸಿಡಿಯುವಂತೆ ಕೆಳಗೆ ಇನ್ನೊಂದನ್ನು ಇಟ್ಟಿರುವುದೂ ಉಂಟು. ಇಲ್ಲಿ ಅವಸರ ಮಾಡುವಂತಿಲ್ಲ, ಕೈ ನಡುಗುವಂತಿಲ್ಲ. ಎದುರಿನ ಬೆಟ್ಟದಿಂದ ಗುಂಡು ಬರುತ್ತಿದ್ದರೂ ತಲೆ ತಗ್ಗಿಸಿ ಮಣ್ಣನ್ನೇ ನೋಡುತ್ತಿರಬೇಕು. ಧೈರ್ಯ ಎಂದರೆ ಮುನ್ನುಗ್ಗುವುದಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ವಜ್ರಾಯುಧದ ಚಿಹ್ನೆ

ಪರಮವೀರ ಚಕ್ರವನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು. ಅನ್ವಯ 1947ರ ಆಗಸ್ಟ್ 15ರಿಂದ. ಅದರ ವಿನ್ಯಾಸ ಮಾಡಿದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಈ ನೆಲದ ಪುರಾಣಗಳನ್ನು ಆಳವಾಗಿ ಓದಿಕೊಂಡಿದ್ದ ಸಾವಿತ್ರಿ ಖಾನೋಲ್ಕರ್. ಅವರು ಆರಿಸಿದ್ದು ದಧೀಚಿಯ ಕಥೆಯನ್ನು. ತನ್ನ ಬೆನ್ನೆಲುಬನ್ನೇ ಕೊಟ್ಟು ಇಂದ್ರನಿಗೆ ವಜ್ರಾಯುಧ ಒದಗಿಸಿದ ಋಷಿ ದಧೀಚಿ. ರಾಜಲಾಂಛನದ ಸುತ್ತ ನಾಲ್ಕು ವಜ್ರಾಯುಧ, ನೇರಳೆ ಬಣ್ಣದ ಪಟ್ಟಿ. ಅಡ್ಡಳತೆ ಸುಮಾರು ಮೂರೂವರೆ ಸೆಂಟಿಮೀಟರ್. ಲೋಹ ಕಂಚು, ಎಂದರೆ ತಾಮ್ರ ಮತ್ತು ತವರದ ಮಿಶ್ರಣ. ವಜ್ರವಿಲ್ಲ, ಚಿನ್ನದ ಎಲೆಯಿಲ್ಲ. ಇದುವರೆಗೆ ಪಡೆದವರು 21 ಮಂದಿ; ಅವರಲ್ಲಿ 14 ಮಂದಿಗೆ ಬಂದದ್ದು ಮರಣೋತ್ತರವಾಗಿ. ರಾಣೆ ಬದುಕಿ ಬಂದು ಅದನ್ನು ಧರಿಸಿದ ಕೆಲವರಲ್ಲಿ ಒಬ್ಬರು.

ವಿದ್ಯಾರ್ಥಿಗಳು ಇನ್ನೊಂದು ಮಾತನ್ನು ನೆನಪಿಡಬೇಕು. ಪರಮವೀರ, ಮಹಾವೀರ ಮತ್ತು ವೀರ ಚಕ್ರಗಳು ವೈರಿಯ ಎದುರಿನ ಸಾಹಸಕ್ಕೆ. ಅಶೋಕ, ಕೀರ್ತಿ ಮತ್ತು ಶೌರ್ಯ ಚಕ್ರಗಳು ರಣರಂಗದ ಹೊರಗಿನ ಸಾಹಸಕ್ಕೆ. 2008ರ ಮುಂಬಯಿ ದಾಳಿಯಲ್ಲಿ ಮಡಿದ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿಗೆ ಸಂದದ್ದು ಅಶೋಕ ಚಕ್ರ.

ಪದಕ ಕಾಯಲಿಲ್ಲ

ಮತ್ತೆ ಜರ್ಮನಿಯತ್ತ ನೋಡೋಣ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ಕಾದಿ ಐರನ್ ಕ್ರಾಸ್ ಪಡೆದವರಲ್ಲಿ ಸಾವಿರಾರು ಯಹೂದಿಗಳಿದ್ದರು. 1918ರಲ್ಲಿ ಹಿಟ್ಲರನಿಗೆ ಮೊದಲ ದರ್ಜೆಯ ಐರನ್ ಕ್ರಾಸ್ ಸಿಗಲೆಂದು ಶಿಫಾರಸು ಮಾಡಿದ ಹ್ಯೂಗೋ ಗುಟ್‌ಮನ್ ಎಂಬ ಅಧಿಕಾರಿಯೇ ಯಹೂದಿ! ಮುಂದೆ ಅದೇ ಹಿಟ್ಲರನ ಆಳ್ವಿಕೆಯಲ್ಲಿ ಆತ ದೇಶ ಬಿಟ್ಟು ಅಮೆರಿಕ ಸೇರಬೇಕಾಯಿತು. 1935ರ ಕಾನೂನು ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತು. ಎದೆಯ ಮೇಲಿನ ಪದಕ ಅವರನ್ನು ಕಾಯಲಿಲ್ಲ. ಗ್ರಾಂಡ್ ಕ್ರಾಸ್ ತೊಟ್ಟ ಗೋರಿಂಗ್‌ನಾದರೋ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಮರಣದಂಡನೆಗೆ ಗುರಿಯಾಗಿ, 1946ರ ಅಕ್ಟೋಬರಿನಲ್ಲಿ ಸೆರೆಮನೆಯಲ್ಲೇ ವಿಷ ಸೇವಿಸಿ ಸತ್ತ.

ಯುದ್ಧಾನಂತರ ಪಶ್ಚಿಮ ಜರ್ಮನಿ 1957ರ ಕಾನೂನಿನಲ್ಲಿ, ಸ್ವಸ್ತಿಕ ತೆಗೆದ ಪದಕವನ್ನಷ್ಟೇ ಧರಿಸಬಹುದೆಂದು ವಿಧಿಸಿತು. ಶೌರ್ಯಕ್ಕೆಂದು ಹೊಸದೊಂದು ಪದಕ ಹುಟ್ಟಿದ್ದು 2008ರಲ್ಲಿ. ಅದಕ್ಕೆ ಐರನ್ ಕ್ರಾಸ್ ಎಂಬ ಹೆಸರಿಡಲಿಲ್ಲ. ಅಲ್ಲಿಯ ಸಿಪಾಯಿಗಳಲ್ಲಿ ಧೈರ್ಯವಂತರಿರಲಿಲ್ಲ ಎಂದು ಯಾರೂ ಹೇಳಲಾರರು. ಆದರೆ ಆ ಧೈರ್ಯ ಯಾವ ಕಾರ್ಯಕ್ಕೆ ಬಳಕೆಯಾಯಿತು ಎಂಬ ಪ್ರಶ್ನೆಯಿಂದ ಪದಕಕ್ಕೆ ಬಿಡುಗಡೆಯಿಲ್ಲ.

ಬೆಟದೂರಿನ ನೆನಪು

ನಮ್ಮ ಜಿಲ್ಲೆಯವರಿಗೆ ಈ ಮಾತು ಹೊಸದಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಕಾವಲು ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರನೆಯ ದಿನ ಹಿಮದಡಿಯಿಂದ ಜೀವಂತವಾಗಿ ಹೊರಬಂದವರು ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದಾಗ ಹುಬ್ಬಳ್ಳಿಯಿಂದ ಬೆಟದೂರಿನವರೆಗೆ ಕಣ್ಣೀರಿಡದ ಮನೆಯಿರಲಿಲ್ಲ. ಮರುವರ್ಷ ಮರಣೋತ್ತರ ಸೇನಾ ಪದಕ ಬಂತು. ಅವರು ಸತ್ತದ್ದು ಯಾರನ್ನೋ ಹೊಡೆಯುತ್ತಲ್ಲ, ಕಾವಲು ಕಾಯುತ್ತ.

ರಾಣೆ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. 1994ರ ಜುಲೈ 11ರಂದು ತೀರಿಕೊಂಡರು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ 21 ಪರಮವೀರರ ಹೆಸರಿಟ್ಟಾಗ ಚೆಂಡಿಯಾದ ಪೇದೆಯ ಮಗನ ಹೆಸರೂ ಒಂದು ದ್ವೀಪಕ್ಕೆ ಬಂತು. ಓದು ಅರ್ಧಕ್ಕೆ ನಿಂತಿದ್ದ ಹುಡುಗ. ಆದರೆ ಕೈಗೆ ಬಂದ ಕಸುಬನ್ನು ಪೂರ್ತಿ ಕಲಿತಿದ್ದ.

ಮುಂದಿನ ಸಲ ಪ್ರವಾಸಕ್ಕೆ ಹೋದಾಗ ಪಾಲಕರಾಗಲಿ ಶಿಕ್ಷಕರಾಗಲಿ ಮಕ್ಕಳನ್ನು ಆ ಪ್ರತಿಮೆಯ ಮುಂದೆ ಎರಡು ನಿಮಿಷ ನಿಲ್ಲಿಸಬೇಕು. ಎಷ್ಟು ಮಂದಿಯನ್ನು ಹೊಡೆದರು ಎಂದು ಮಕ್ಕಳು ಕೇಳಿದರೆ ಬೈಯುವುದು ಬೇಡ. ಇವರು ತೆರೆದ ದಾರಿಯಲ್ಲಿ ಎಷ್ಟು ಮಂದಿ ಸುರಕ್ಷಿತವಾಗಿ ನಡೆದುಹೋದರು ಎಂದು ತಿರುಗಿ ಕೇಳಿದರೆ ಸಾಕು.